ಸೊಪ್ಪೂ ಬೇಕು, ಗೆಡ್ಡೆಯೂ ಬೇಕು: ಹಿತ್ತಲಿಗೆ ಯಾವ ಬಳ್ಳಿ?

ಮಳೆ ಕಡಿಮೆಯಾಗುವ ಹೊತ್ತಿಗೆ ಕಾರ್ಕಳ ದಾಟಿ ಘಟ್ಟದ ಬುಡದ ಹುಲ್ಲುಗುಡ್ಡೆಗಳ ಕಡೆ ಹೋದರೆ, ಮುಳಿಹುಲ್ಲಿನ ದಂಟನ್ನೇ ಹಿಡಿದು ಹತ್ತಿದ ಒಂದು ಸಪೂರ ಬಳ್ಳಿ ಕಾಣಸಿಗುತ್ತದೆ. ಮೂರೆಲೆ. ಮುಟ್ಟಿದರೆ ಕೈಗೆ ರೋಮ ಸಿಗುತ್ತದೆ. ಹೂವು ನಮ್ಮ ಅಲಸಂಡೆಯದ್ದೇ ರೂಪ, ಆದರೆ ಅದಕ್ಕಿಂತ ದೊಡ್ಡದು. ಬಣ್ಣ ನಸುಗೆಂಪು ಕಲಸಿದ ನೇರಳೆ. ಹೂವಿನ ನಡುವಿನ ಕೊಕ್ಕು ಒಂದು ಕಡೆಗೆ ತಿರುಚಿಕೊಂಡಿರುತ್ತದೆ. ನಾನು ಅದನ್ನು ಕಾಡು ಅಲಸಂಡೆ ಅನ್ನುತ್ತೇನೆ. ಸಸ್ಯಶಾಸ್ತ್ರದಲ್ಲಿ ವಿಗ್ನಾ ವೆಕ್ಸಿಲ್ಲಾಟಾ. ಮಹಾರಾಷ್ಟ್ರದ ಕಡೆ ಹಲುಂಡಾ ಎಂಬ ಹೆಸರಿದೆ. ಇದರ ಎಳೆ ಸೊಪ್ಪು ತಿನ್ನಬಹುದು, ಬುಡದಲ್ಲಿರುವ ಗೆಡ್ಡೆಯನ್ನೂ ತಿನ್ನಬಹುದು.

ಈ ಮಾತು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ನಮ್ಮ ಹಿತ್ತಲಲ್ಲಿ ಹಾಕಬಹುದಾ?" ಹಾಕಬಹುದು. ಆದರೆ ಅವರೆ ಅಲಸಂಡೆಯ ಕುಲದಲ್ಲಿ ಗೆಡ್ಡೆ ಕೊಡುವ ಬಳ್ಳಿ ಅದೊಂದೇ ಅಲ್ಲ. ರೆಕ್ಕೆ ಅವರೆ ಇದೆ, ಶಂಕಾಲು ಇದೆ, ನೆಲಗುಂಬಳ ಇದೆ. ನಾಲ್ಕೂ ಹತ್ತಿರದ ನೆಂಟರು. ನಾಲ್ಕಕ್ಕೂ ಮೂರೆಲೆ, ನಾಲ್ಕಕ್ಕೂ ಕೋಡು. ಆದರೆ ಒಂದರ ಸೊಪ್ಪು ಒಳ್ಳೆಯ ಪಲ್ಯವಾದರೆ ಇನ್ನೊಂದರ ಸೊಪ್ಪು ವಿಷ. ಅದಕ್ಕೇ ಈ ಹೋಲಿಕೆ ಬರೆಯಬೇಕು ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಉಡುಪಿ, ಮಂಗಳೂರಿನ ಹೆಚ್ಚಿನ ಮನೆಗಳಿಗೆ ರೆಕ್ಕೆ ಅವರೆ ಸಾಕು. ಗುಡ್ಡೆ ಜಾಗ ಇದ್ದು, ಎರಡು ವರ್ಷ ಕಾಯುವ ತಾಳ್ಮೆ ಇದ್ದರೆ ಕಾಡು ಅಲಸಂಡೆ ಹಾಕಿ. ಕಡಲ ಬದಿಯ ಹೊಯಿಗೆ (ಮರಳು) ಜಾಗದವರಿಗೆ ಶಂಕಾಲು, ಅದೂ ಎಚ್ಚರಿಕೆಯಿಂದ. ನೆಲಗುಂಬಳವನ್ನು ಗುಡ್ಡೆಯಲ್ಲೇ ಬಿಟ್ಟುಬಿಡಿ.

ಕೆಸು ಕೂಡ ಸೊಪ್ಪು, ಗೆಡ್ಡೆ ಎರಡನ್ನೂ ಕೊಡುತ್ತದೆ ಅಲ್ವಾ ಅಂತ ನೀವು ಕೇಳಬಹುದು. ನಿಜ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೆಸುವಿನ ಎಲೆಯ ಪತ್ರೊಡೆ ಮಾಡದ ಮನೆ ನಮ್ಮಲ್ಲಿ ಕಡಿಮೆ. ಸಿಹಿಗೆಣಸಿನ ಕುಡಿಯೂ ಪಲ್ಯಕ್ಕೆ ಆಗುತ್ತದೆ. ಅವನ್ನು ಬಿಟ್ಟು ಇವನ್ನು ಹಾಕಿ ಅಂತ ನಾನು ಹೇಳುತ್ತಿಲ್ಲ. ಆದರೆ ಅವರೆ ಕುಲದ ಗೆಡ್ಡೆಯಲ್ಲಿ ಒಂದು ವಿಶೇಷ ಇದೆ, ಪ್ರೊಟೀನು. 100 ಗ್ರಾಂ ಹಸಿ ಆಲೂಗೆಡ್ಡೆಯಲ್ಲಿ ಇರುವುದು ಸುಮಾರು 2 ಗ್ರಾಂ ಪ್ರೊಟೀನು. ಮರಗೆಣಸಿನಲ್ಲಿ ಅದಕ್ಕಿಂತಲೂ ಕಡಿಮೆ. ರೆಕ್ಕೆ ಅವರೆಯ ಗೆಡ್ಡೆಯಲ್ಲಿ 11 ಗ್ರಾಂ ದಾಟುತ್ತದೆ. ಅದರ ಸೊಪ್ಪಿನಲ್ಲೇ ಹತ್ತಿರ ಹತ್ತಿರ 6 ಗ್ರಾಂ ಇದೆ. ಕಾಡು ಅಲಸಂಡೆಯ ಗೆಡ್ಡೆಯಲ್ಲೂ ಆಲೂಗೆಡ್ಡೆಗಿಂತ ಎಷ್ಟೋ ಜಾಸ್ತಿ. ಶಂಕಾಲು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ 1 ಗ್ರಾಂ ಕೂಡ ಇಲ್ಲ, ಬರೀ ನೀರು ಮತ್ತು ಸಿಹಿ.

ಇನ್ನೊಂದು ಲಾಭ ಮಣ್ಣಿಗೆ. ಈ ಬಳ್ಳಿಗಳ ಬೇರಿನ ಸಣ್ಣ ಸಣ್ಣ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಮನೆಮಾಡಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಸಿಗುವ ಹಾಗೆ ಮಾಡುತ್ತವೆ. ಒಂದು ಮಾತು ನೆನಪಿರಲಿ. ಕಾಳುಮೆಣಸಿನಷ್ಟು, ಕಡಲೆಯಷ್ಟು ಇರುವ ಆ ಗಂಟುಗಳು ಗೆಡ್ಡೆಯಲ್ಲ. ಅಗೆದು ನೋಡಿ "ಇಷ್ಟೇನಾ ಗೆಡ್ಡೆ" ಅಂತ ಬಳ್ಳಿಯನ್ನೇ ಕಿತ್ತೆಸೆದವರನ್ನು ನೋಡಿದ್ದೇನೆ. ನಿಜವಾದ ಗೆಡ್ಡೆ ಮುಖ್ಯ ಬೇರೇ ಊದಿಕೊಂಡು ಆಗುವಂಥದ್ದು.

ರೆಕ್ಕೆ ಅವರೆ

ಇದನ್ನು ರೆಕ್ಕೆ ಬೀನ್ಸ್ ಅಂತಲೂ ಹೇಳುತ್ತಾರೆ. ಕಾಸರಗೋಡಿನ ಮಲಯಾಳದಲ್ಲಿ ಚತುರಪ್ಪಯರ್. ಕೋಡಿಗೆ ನಾಲ್ಕು ಮೂಲೆ, ಪ್ರತಿ ಮೂಲೆಯಲ್ಲೂ ಸುಕ್ಕು ಸುಕ್ಕಾದ ಒಂದು ರೆಕ್ಕೆ. ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತದೆ. ಮಕ್ಕಳು ತಟ್ಟೆಯಲ್ಲಿ ಬಿಡದೆ ತಿನ್ನುವ ತರಕಾರಿ ಇದು.

ಇದರಲ್ಲಿ ಬಿಸಾಡುವ ಭಾಗ ಬಹಳ ಕಡಿಮೆ. ಎಳೆ ಎಲೆ, ಕುಡಿ, ನೀಲಿ ಹೂವು, ಎಳೆ ಕೋಡು, ಬಲಿತ ಬೀಜ, ಗೆಡ್ಡೆ, ಎಲ್ಲವೂ ಆಹಾರ. 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಈ ಒಂದು ಬಳ್ಳಿಯ ಬಗ್ಗೆಯೇ ವರದಿ ತಂದಿತ್ತು. ಬಿಸಿ ಊರುಗಳ ಬಡವರಿಗೆ ಪ್ರೊಟೀನು ಕೊಡುವ ಬೆಳೆ ಅಂತ ಆಗ ತುಂಬಾ ಭರವಸೆ ಇತ್ತು. ಹತ್ತಿರ ಹತ್ತಿರ ಸೋಯಾದಷ್ಟೇ ಪ್ರೊಟೀನು ಬೀಜದಲ್ಲಿದೆ. ಆದರೂ ದೊಡ್ಡ ಹೊಲಗಳಿಗೆ ಅದು ಇಳಿಯಲಿಲ್ಲ. ಬಳ್ಳಿಗೆ ಆಸರೆ ಬೇಕು, ಕೋಡು ಒಟ್ಟಿಗೆ ಬಲಿಯುವುದಿಲ್ಲ, ದಿನಾ ಕೊಯ್ಯಬೇಕು. ಟ್ರ್ಯಾಕ್ಟರಿನ ಹೊಲಕ್ಕೆ ಇದು ತೊಂದರೆ. ಹಿತ್ತಲಿಗೆ ಇದೇ ಬೇಕಾದದ್ದು, ದಿನಾ ಒಂದು ಹಿಡಿ ಸಿಗುತ್ತದೆ ಅಲ್ವಾ?

ನಮ್ಮಲ್ಲಿ ಇದರ ಬಗ್ಗೆ ಬರುವ ದೂರು ಒಂದೇ. "ಬಳ್ಳಿ ಸೊಕ್ಕಿ ಬೆಳೆಯಿತು, ಹೂವೇ ಬಿಡಲಿಲ್ಲ." ಮೊದಲ ವರ್ಷ ನನಗೂ ಹಾಗೇ ಆಗಿತ್ತು. ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಬಿತ್ತಿದ್ದೆ. ಆಟಿ ಹೋಯಿತು, ಸೋಣ (ಆಗಸ್ಟ್-ಸೆಪ್ಟೆಂಬರ್) ಹೋಯಿತು, ಬಸಳೆ ಚಪ್ಪರದ ಮೇಲೆ ಹಸಿರು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಕಾರಣ ತಿಳಿಯಿತು. ಇದು ಹಗಲಿನ ಉದ್ದ ನೋಡಿ ಹೂಬಿಡುವ ಬಳ್ಳಿ. ಜೂನಿನಲ್ಲಿ ನಮ್ಮ ಊರಿನ ಹಗಲು ಹತ್ತಿರ ಹತ್ತಿರ 13 ಗಂಟೆ. ಡಿಸೆಂಬರಿನಲ್ಲಿ ಅದು 11 ಗಂಟೆ 20 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಹಗಲು 12 ಗಂಟೆಯ ಕೆಳಗೆ ಬಂದ ಮೇಲೆಯೇ ಇದಕ್ಕೆ ಹೂವಿನ ನೆನಪು. ಅಂದರೆ ನವರಾತ್ರಿ, ದೀಪಾವಳಿಯ ಹೊತ್ತು. ಆವರೆಗೆ ಸೊಪ್ಪು ಕೊಯ್ದು ತಿನ್ನಿ, ಬಳ್ಳಿಯನ್ನು ಕೀಳಬೇಡಿ.

ಗೆಡ್ಡೆ ಬೇಕಾದವರು ಇಲ್ಲಿ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಕೋಡಿಗೆ ಹೋಗುವ ಶಕ್ತಿ ಗೆಡ್ಡೆಗೆ ಹೋಗುವುದಿಲ್ಲ. ಪಪುವಾ ನ್ಯೂಗಿನಿಯ ಎತ್ತರದ ಊರುಗಳಲ್ಲಿ ಗೆಡ್ಡೆಗಾಗಿ ಬೆಳೆಯುವಾಗ ಹೂವನ್ನು ಚಿವುಟಿ ತೆಗೆಯುತ್ತಾರೆ. ಮ್ಯಾನ್ಮಾರಿನಲ್ಲಿ ಗೆಡ್ಡೆಗೆಂದೇ ಗದ್ದೆಗಟ್ಟಲೆ ಬೆಳೆಯುವ ರೂಢಿ ಇದೆ. ನಾನೀಗ ನಾಲ್ಕು ಬುಡ ಹಾಕುತ್ತೇನೆ. ಮೂರನ್ನು ಚಪ್ಪರಕ್ಕೆ ಹತ್ತಿಸಿ ಕೋಡು ಕೊಯ್ಯುತ್ತೇನೆ. ನಾಲ್ಕನೆಯದ್ದಕ್ಕೆ ಗಿಡ್ಡ ಕೋಲು ಕೊಟ್ಟು, ಬಂದ ಹೂವನ್ನೆಲ್ಲ ಚಿವುಟಿ ಪಲ್ಯಕ್ಕೆ ಹಾಕುತ್ತೇನೆ. ಎಲೆ ಹಳದಿಯಾದ ಮೇಲೆ ಆ ಬುಡ ಅಗೆದರೆ ಹೆಬ್ಬೆರಳು ದಪ್ಪದ ಗೆಡ್ಡೆಗಳು ಸಿಗುತ್ತವೆ. ಸುವರ್ಣಗೆಡ್ಡೆಯ ಹಾಗೆ ಬುಟ್ಟಿ ತುಂಬುವ ಆಸೆ ಇಟ್ಟುಕೊಳ್ಳಬೇಡಿ. ಇದು ಒಂದು ಹೊತ್ತಿನ ಸುಕ್ಕಕ್ಕೆ ಆಗುವಷ್ಟು.

ಗೆಡ್ಡೆಯನ್ನು ಹಸಿ ತಿನ್ನಬಾರದು. ಬಲಿತ ಬೀಜವನ್ನೂ ಹಾಗೇ. ಜೀರ್ಣಕ್ಕೆ ಅಡ್ಡ ಬರುವ ಅಂಶಗಳು ಅವುಗಳಲ್ಲಿವೆ, ಚೆನ್ನಾಗಿ ಬೆಂದರೆ ಹೋಗುತ್ತವೆ. ಸಿಪ್ಪೆ ಸಮೇತ ಉಪ್ಪುನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಆಮೇಲೆ ಸಿಪ್ಪೆ ಸುಲಿಯಿರಿ. ರುಚಿ ಆಲೂಗೆಡ್ಡೆಗಿಂತ ಗಟ್ಟಿ, ಬೆಂದ ನೆಲಗಡಲೆಯ ನೆನಪು ತರುವಂಥದ್ದು. ಕೊತ್ತಂಬರಿ, ಒಣಮೆಣಸು, ತೆಂಗಿನತುರಿ ಹುರಿದು ಮಾಡಿದ ಒಣ ಸುಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಎಳೆ ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿ ಸೇರಿಸಿ ರುಬ್ಬಿ ಮಜ್ಜಿಗೆ ಹಾಕಿದರೆ ತಂಬುಳಿ. ನಮ್ಮ ಮನೆಯಲ್ಲಿ ಗೆಡ್ಡೆಗಿಂತ ಈ ತಂಬುಳಿಗೇ ಬೇಡಿಕೆ ಜಾಸ್ತಿ.

ಮಣ್ಣಿನ ವಿಷಯಕ್ಕೆ ಬಂದರೆ, ನೀರು ನಿಂತರೆ ಇದು ಸಾಯುತ್ತದೆ. ನಮ್ಮಲ್ಲಿ ಮೂರ್ನಾಲ್ಕು ತಿಂಗಳಲ್ಲೇ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಹಾಗಾಗಿ ಒಂದೂವರೆ ಅಡಿ ಎತ್ತರಕ್ಕೆ ಮಣ್ಣು ಏರಿಸಿ ನೆಡಿ. ಸುಡುಮಣ್ಣು, ಹಟ್ಟಿಗೊಬ್ಬರ ಸಮಸಮ ಬೆರೆಸಿ ಕೊಟ್ಟರೆ ಬೇರೇನೂ ಬೇಡ. ಫ್ಲಾಟಿನಲ್ಲಿರುವವರು ದೊಡ್ಡ ಗೋಣಿಚೀಲದಲ್ಲಿ ನೆಟ್ಟು ಬಾಲ್ಕನಿಯ ಕಂಬಿಗೆ ಹತ್ತಿಸಬಹುದು. ಬಿಸಿಲು ಬೀಳಬೇಕು, ಅಷ್ಟೇ.

ಕಾಡು ಅಲಸಂಡೆ

ರೆಕ್ಕೆ ಅವರೆ ಹಿತ್ತಲಿನದ್ದು. ಇದು ಗುಡ್ಡೆಯದ್ದು. ಇದರ ಗುಣವೇ ಬೇರೆ. ಬೇಸಗೆಯಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ಎಲ್ಲಾ ಕಪ್ಪಾದರೂ, ಮೊದಲ ಮಳೆಗೆ ಗೆಡ್ಡೆಯಿಂದ ಕುಡಿ ಎದ್ದು ಬರುತ್ತದೆ. ಗೆಡ್ಡೆ ಅದಕ್ಕೆ ಬೇಸಗೆಯ ಉಗ್ರಾಣ. ನೀರು, ಗೊಬ್ಬರ, ಆರೈಕೆ ಯಾವುದನ್ನೂ ಕೇಳುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲಿನ ತೆಳು ಮಣ್ಣಿನಲ್ಲೂ ಬದುಕುತ್ತದೆ. ಆದರೆ ಅಂಥ ಕಡೆ ಗೆಡ್ಡೆ ಸಣ್ಣ.

ಊರ ಅಲಸಂಡೆಗೆ ಬರುವ ಕಪ್ಪು ಹೇನಿನ ಕಾಟ ನಮಗೆಲ್ಲ ಗೊತ್ತು. ಕಾಡು ಅಲಸಂಡೆಯ ಕೋಡಿನ ಮೇಲೆ ಕಂದು ರೋಮ ದಟ್ಟವಾಗಿ ಇರುತ್ತದೆ. ಕೋಡು ಕೊರೆಯುವ, ಕೋಡಿನ ರಸ ಹೀರುವ ಕೀಟಗಳಿಗೆ ಅದು ದೊಡ್ಡ ಅಡ್ಡಿ. ಈ ಗುಣವನ್ನು ಅಲಸಂಡೆಗೆ ತರಬೇಕು ಅಂತ ತಳಿ ವಿಜ್ಞಾನಿಗಳು ಎಷ್ಟೋ ವರ್ಷ ಎರಡನ್ನೂ ಬೆರಕೆ ಮಾಡಲು ನೋಡಿದ್ದಾರೆ. ಅದು ಬಹಳ ಕಷ್ಟ ಅಂತ ತಿಳಿದುಬಂತು. ನಮಗೆ ಇದರಿಂದ ಒಂದು ಅನುಕೂಲ. ಪಕ್ಕಪಕ್ಕದಲ್ಲೇ ಬೆಳೆದರೂ ನಿಮ್ಮ ಊರ ಅಲಸಂಡೆಯ ಬೀಜ ಕೆಡುವುದಿಲ್ಲ.

ಇದರ ಗೆಡ್ಡೆ ಸಣ್ಣ ಮೂಲಂಗಿಯ ಆಕಾರ, ಮಧ್ಯ ಉಬ್ಬಿ ಎರಡೂ ಕಡೆ ಚೂಪು. ಸಿಪ್ಪೆ ಸುಲಭವಾಗಿ ಬಿಡುತ್ತದೆ. ಒಳಗೆ ಹಾಲಿನ ಬಣ್ಣ. ಹಸಿಯಾಗಿಯೂ ತಿನ್ನುತ್ತಾರೆ, ಬೇಯಿಸಿಯೂ ತಿನ್ನುತ್ತಾರೆ. ನನಗೆ ಕೆಂಡದಲ್ಲಿ ಸುಟ್ಟದ್ದೇ ಇಷ್ಟ. ಈಶಾನ್ಯ ಭಾರತದ ಕೆಲವು ಕಡೆ ಮತ್ತು ಇಂಡೋನೇಷ್ಯಾದ ಬಾಲಿಯಲ್ಲಿ ಗೆಡ್ಡೆಗೆಂದೇ ಬೆಳೆಸಿಕೊಂಡು ಬಂದ ತಳಿಗಳಿವೆ, ಅವುಗಳ ಗೆಡ್ಡೆ ದೊಡ್ಡದು. ಆಫ್ರಿಕಾದ ಸುಡಾನ್, ಇಥಿಯೋಪಿಯಾ ಕಡೆ ಬೀಜಕ್ಕಾಗಿ ಬೆಳೆಸಿದ ತಳಿ ಬೇರೆ. ನಮ್ಮ ಗುಡ್ಡೆಯದ್ದು ಕಾಡಿನದ್ದೇ. ಮೊದಲ ವರ್ಷ ಬೆರಳಿನಷ್ಟು ಮಾತ್ರ. ಎರಡನೇ ವರ್ಷ ಅಗೆದರೆ ಒಂದು ಊಟಕ್ಕೆ ಆಗುವಷ್ಟು. ಒಂದು ಬುಡ ಅಗೆದರೆ ಎರಡು ಬುಡ ಉಳಿಸಿ.

ಸೊಪ್ಪಿನ ವಿಷಯದಲ್ಲಿ ನೇರವಾಗಿ ಹೇಳಬೇಕು. ಬಲಿತ ಎಲೆ ಒರಟು, ರೋಮ ನಾಲಿಗೆಗೆ ತಾಗುತ್ತದೆ. ತುದಿಯ ಮೂರು ನಾಲ್ಕು ಎಳೆ ಎಲೆ ಮಾತ್ರ ಚಿವುಟಿ, ಬಿಸಿನೀರಿನಲ್ಲಿ ಒಮ್ಮೆ ಕುದಿಸಿ ಬಸಿದು, ಆಮೇಲೆ ಕಾಯಿ ಹಾಕಿ ಪಲ್ಯ ಮಾಡಿ. ತಜಂಕ್ (ತಗಚೆ) ಸೊಪ್ಪು ತಿಂದು ರೂಢಿ ಇರುವವರಿಗೆ ಇದು ಹೊಸದು ಅನ್ನಿಸುವುದಿಲ್ಲ. ರೆಕ್ಕೆ ಅವರೆಯ ಸೊಪ್ಪಿನ ನಯ ಇದರಲ್ಲಿ ಸಿಗುವುದಿಲ್ಲ.

ಬೀಜ ತರುವುದು ಹೇಗೆ? ರಸ್ತೆ ಬದಿಯ ಬೇಲಿಯಲ್ಲೋ, ಪರಿಚಯದವರ ಗುಡ್ಡೆಯಲ್ಲೋ ಒಣಗಿದ ಕೋಡು ಸಿಕ್ಕರೆ ನಾಲ್ಕು ತನ್ನಿ. ಕೋಡು ಒಣಗಿದ ಕೂಡಲೇ ತಿರುಚಿಕೊಂಡು ಸಿಡಿಯುತ್ತದೆ, ಹಾಗಾಗಿ ಕಪ್ಪಾಗುತ್ತಿದ್ದ ಹಾಗೇ ಬಟ್ಟೆಚೀಲದಲ್ಲಿ ಹಾಕಿಕೊಳ್ಳಿ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದ ಒಳಗಿಂದ ಏನನ್ನೂ ತರಬೇಡಿ. ಅದು ಕಾನೂನಿಗೂ ವಿರುದ್ಧ, ಕಾಡಿಗೂ ನಷ್ಟ. ಗೆಡ್ಡೆಯನ್ನೇ ಅಗೆದು ತಂದು ನೆಡುವವರಿದ್ದಾರೆ, ದಯವಿಟ್ಟು ಬೇಡ. ಬೀಜದಿಂದಲೇ ಚೆನ್ನಾಗಿ ಬರುತ್ತದೆ.

ಶಂಕಾಲು

ಇದರ ಗೆಡ್ಡೆ ನೋಡಲು ಟರ್ನಿಪ್ ಹಾಗೆ. ಸಿಪ್ಪೆ ಸುಲಿದು ಹಸಿಯಾಗಿ ಕಚ್ಚಿದರೆ ಕರುಂ ಅನ್ನುತ್ತದೆ, ಬಾಯಿ ತುಂಬ ಸಿಹಿ ನೀರು. ಬಂಗಾಳದಲ್ಲಿ ಸರಸ್ವತಿ ಪೂಜೆಯ ಹೊತ್ತಿಗೆ ಇದಿಲ್ಲದೆ ಆಗುವುದಿಲ್ಲ. ಹಿಂದಿಯಲ್ಲಿ ಮಿಶ್ರಿಕಂದ್. ಮೂಲ ಊರು ಮೆಕ್ಸಿಕೋ ಕಡೆ.

ಈಗ ಮುಖ್ಯ ಮಾತು. ಇದರಲ್ಲಿ ತಿನ್ನುವುದು ಗೆಡ್ಡೆ ಒಂದನ್ನೇ. ಎಲೆ, ಬಲಿತ ಕೋಡು, ಬೀಜದಲ್ಲಿ ರೊಟೆನೋನ್ ಎಂಬ ವಿಷ ಇದೆ. ಕೀಟ ಕೊಲ್ಲಲು, ಮೀನು ಹಿಡಿಯಲು ಬಳಸುತ್ತಿದ್ದ ವಿಷ ಅದು. ಬೀಜದಲ್ಲಿ ಎಲ್ಲಕ್ಕಿಂತ ಜಾಸ್ತಿ. ಒಮ್ಮೆ ಒಬ್ಬ ಬೀಜದ ವ್ಯಾಪಾರಿಯಿಂದ ನಾನು ತರಿಸಿದ ಪೊಟ್ಟಣದ ಮೇಲೆ "ಗೆಡ್ಡೆ ಅವರೆ, ಎಲ್ಲಾ ಭಾಗ ತಿನ್ನಬಹುದು" ಅಂತ ಅಚ್ಚಾಗಿತ್ತು. ಒಳಗಿದ್ದದ್ದು ಶಂಕಾಲು ಬೀಜ. ಗಿಡ ಬಂದು ಎಲೆಯ ಅಂಚಿನ ಹಲ್ಲು ಹಲ್ಲು ಆಕಾರ ನೋಡಿದ ಮೇಲೆ ನನಗೆ ಸಂಶಯ ಬಂತು, ಸೊಪ್ಪಿಗೆ ಕೈ ಹಾಕಲಿಲ್ಲ. ಅದನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಹಟ್ಟಿಯಲ್ಲಿ ದನ ಇದ್ದರೆ ಇದನ್ನು ಹಾಕುವುದೇ ಬೇಡ ಅಂತ ನನ್ನ ಸಲಹೆ.

ಹಾಕುವವರಿಗೆ ಎರಡು ಮಾತು. ಮಲ್ಪೆ, ಕಾಪು, ಸಸಿಹಿತ್ಲು ಕಡೆಯ ಹೊಯಿಗೆ ಮಣ್ಣು ಇದಕ್ಕೆ ಒಳ್ಳೆಯದು. ಗಟ್ಟಿ ಕೆಂಪುಮಣ್ಣಿನಲ್ಲಿ ಗೆಡ್ಡೆ ಸೊಟ್ಟ ಸೊಟ್ಟ. ಜಡಿಮಳೆ ಕಳೆದ ಮೇಲೆ ಬಿತ್ತಿ, ಹೂವನ್ನೆಲ್ಲ ಚಿವುಟಿ. ಹೂವು ತೆಗೆದರೆ ಗೆಡ್ಡೆಯೂ ದಪ್ಪ, ವಿಷದ ಬೀಜವೂ ಮನೆಯ ಸುತ್ತ ಉದುರುವುದಿಲ್ಲ.

ನೆಲಗುಂಬಳ

ಆಯುರ್ವೇದದ ವಿದಾರಿಕಂದ ಇದು. ಚ್ಯವನಪ್ರಾಶಕ್ಕೆ ಸೇರುವ ಗೆಡ್ಡೆ. ಬಳ್ಳಿ ಮರದೆತ್ತರ ಹೋಗುತ್ತದೆ, ಬೇಸಗೆಯಲ್ಲಿ ಎಲೆ ಉದುರಿ ಬೋಳಾದಾಗ ನೀಲಿ ಹೂವಿನ ಗೊಂಚಲು ಬಿಡುತ್ತದೆ. ಗೆಡ್ಡೆ ಕುಂಬಳದಷ್ಟಾಗಲು ವರ್ಷಗಳು ಬೇಕು. ಸೊಪ್ಪು ದನಕ್ಕೆ ಮೇವು, ನಮ್ಮ ಅಡುಗೆಯದ್ದಲ್ಲ.

ಹೆಸರಿನಲ್ಲೇ ಒಂದು ಗೊಂದಲ ಇದೆ. ನಮ್ಮಲ್ಲಿ ನೆಲಗುಂಬಳ ಅಂತ ಇನ್ನೊಂದು ಬಳ್ಳಿಗೂ ಹೇಳುತ್ತಾರೆ. ಅದು ಸಿಹಿಗೆಣಸಿನ ಕುಲದ್ದು. ಎಲೆ ಅಂಗೈ ಬಿಡಿಸಿದ ಹಾಗೆ ಸೀಳು ಸೀಳು, ಹೂವು ನಸುಗೆಂಪು ಗಂಟೆಯ ಹಾಗೆ, ಚಿವುಟಿದರೆ ಹಾಲು ಬರುತ್ತದೆ. ಕೇರಳದ ವೈದ್ಯರು ವಿದಾರಿ ಅಂತ ಬಳಸುವುದು ಅದನ್ನೇ, ಅಲ್ಲಿ ಪಾಲ್‌ಮುದುಕ್ಕು ಅನ್ನುತ್ತಾರೆ. ಅವರೆ ಕುಲದ ನಿಜವಾದ ನೆಲಗುಂಬಳಕ್ಕೆ ಮೂರೆಲೆ. ಅದರ ಗೆಡ್ಡೆಯಲ್ಲಿ ದೇಹದ ಹೆಣ್ಣು ಹಾರ್ಮೋನಿನ ಹಾಗೆ ಕೆಲಸ ಮಾಡುವ ಅಂಶಗಳಿವೆ. ಗರ್ಭಿಣಿಯರು, ಹಾರ್ಮೋನಿನ ಚಿಕಿತ್ಸೆಯಲ್ಲಿರುವವರು ಸುಮ್ನೆ ಯಾರೋ ಹೇಳಿದರು ಅಂತ ತಿನ್ನಬಾರದು. ಔಷಧಿಗೆ ಬೇಕಾದರೆ ವೈದ್ಯರನ್ನು ಕೇಳಿ. ಊಟಕ್ಕೆ ಬೇಕಾದರೆ ರೆಕ್ಕೆ ಅವರೆ, ಕಾಡು ಅಲಸಂಡೆ ಇವೆಯಲ್ಲ. ಗುಡ್ಡೆಯಲ್ಲಿ ಹತ್ತು ವರ್ಷ ಬೆಳೆದ ಗೆಡ್ಡೆಯನ್ನು ಒಂದು ದಿನದ ಆಸೆಗೆ ಅಗೆದರೆ ಆ ಬಳ್ಳಿ ಅಲ್ಲಿಗೆ ಮುಗಿಯಿತು.

ಗುರುತು ತಪ್ಪಿದರೆ

ಮೂರೆಲೆ ಕಂಡ ಕೂಡಲೇ ಚಿವುಟಬೇಡಿ. ಸುಳ್ಯ, ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ನೆಲ ಮುಚ್ಚಿ ಹಬ್ಬಿರುವ ದಟ್ಟ ಬಳ್ಳಿಯೂ ಮೂರೆಲೆಯದ್ದೇ. ಅದು ಮುಕುನಾ, ಮಣ್ಣು ಕಾಯಲು ಹಾಕಿದ್ದು, ತಿನ್ನಲು ಅಲ್ಲ. ಅದರ ನೆಂಟ ನಸುಗುನ್ನಿಯ ಕೋಡು ತಾಗಿದರೆ ಏನಾಗುತ್ತದೆ ಅಂತ ಶಾಲೆಗೆ ನಡೆದು ಹೋದವರಿಗೆ ಹೇಳಬೇಕಾಗಿಲ್ಲ. ಕಡಲ ಬದಿಯ ಹೊಯಿಗೆ ಮೇಲೆ ಹಬ್ಬುವ ನೇರಳೆ ಹೂವಿನ ಕಡಲ ಅವರೆಯನ್ನೂ ಬಿಟ್ಟುಬಿಡಿ. ಹೂವು ನೋಡದೆ, ಕೋಡು ನೋಡದೆ, ಒಂದು ವರ್ಷ ಪೂರ್ತಿ ಆ ಬಳ್ಳಿಯನ್ನು ಗಮನಿಸದೆ ತಿನ್ನಬೇಡಿ. ಸಂಶಯ ಇದ್ದರೆ ಹೂವು, ಕೋಡು, ಎಲೆ ಮೂರೂ ಇರುವ ಒಂದು ಕೊಂಬೆಯನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರಿಗೆ ತೋರಿಸಿ. ಪಿಲಿಕುಳದ ಔಷಧಿ ವನದಲ್ಲಿ, ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಡ ಕೇಳಬಹುದು.

ಇನ್ನು ಕಾಡುಹಂದಿ, ಮುಳ್ಳುಹಂದಿ. ಗೆಡ್ಡೆ ಹಾಕಿದ ಮೇಲೆ ಅವು ಬಾರದೆ ಇರುವುದಿಲ್ಲ. ಕಾಡು ಹತ್ತಿರ ಇರುವ ಮನೆಯವರು ಗೆಡ್ಡೆಯ ಬುಡಗಳನ್ನು ಅಂಗಳದ ಬದಿಗೇ ಹಾಕಿ, ಇಲ್ಲವೇ ಹಳೆಯ ಡ್ರಮ್ಮಿನ ಅಡಿ ತೆಗೆದು ಅರ್ಧ ಹೂತು ಅದರೊಳಗೆ ನೆಡಿ. ನವಿಲು ಎಳೆ ಕುಡಿ ತಿನ್ನುತ್ತದೆ. ಮೊದಲ ತಿಂಗಳು ಹಳೆಯ ಮೀನುಬಲೆ ಮುಚ್ಚಿದರೆ ಸಾಕು.

ಬಿತ್ತುವ ಮುಂಚೆ

ರೆಕ್ಕೆ ಅವರೆ, ಕಾಡು ಅಲಸಂಡೆ ಎರಡರ ಬೀಜಕ್ಕೂ ಸಿಪ್ಪೆ ಗಟ್ಟಿ. ಹಾಗೇ ಹಾಕಿದರೆ ತಿಂಗಳಾದರೂ ಮೊಳಕೆ ಬರುವುದಿಲ್ಲ, ನೀವು ಬೀಜ ಹಾಳು ಅಂದುಕೊಳ್ಳುತ್ತೀರಿ. ಬೀಜದ ಕಣ್ಣು ಬಿಟ್ಟು ಇನ್ನೊಂದು ಬದಿಯನ್ನು ಮರಳುಕಾಗದಕ್ಕೆ ಸ್ವಲ್ಪ ತಿಕ್ಕಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದ್ದನ್ನು ನೆಡಿ, ಉಬ್ಬದೆ ಇದ್ದದ್ದನ್ನು ಮತ್ತೊಮ್ಮೆ ತಿಕ್ಕಿ ನೆನೆಸಿ. ಪತ್ತನಾಜೆ ಆಸುಪಾಸಿಗೆ ಚಟ್ಟಿಯಲ್ಲಿ ಹಾಕಿ, ಗೇಣುದ್ದ ಆದ ಮೇಲೆ ಏರಿಸಿದ ಮಣ್ಣಿಗೆ ಇಳಿಸಿ.

ರೆಕ್ಕೆ ಅವರೆಯ ಬೀಜ ಮಂಗಳೂರಿನ ಸಾವಯವ ಸಂತೆಯಲ್ಲಿ, ಬೀಜ ಉಳಿಸುವ ಮನೆಗಳಲ್ಲಿ ಕೇಳಿದರೆ ಸಿಗುತ್ತದೆ. ನಿಮ್ಮಲ್ಲಿ ಬೆಳೆದ ಮೇಲೆ ಹತ್ತು ಕೋಡು ಬಳ್ಳಿಯಲ್ಲೇ ಒಣಗಲು ಬಿಡಿ. ಬೀಜಕ್ಕೆ ಒಲೆಯ ಬೂದಿ ಕಲಸಿ ಬಾಟ್ಲಿಯಲ್ಲಿ ತುಂಬಿಡಿ. ಇನ್ನೊಬ್ಬರಿಗೆ ಕೊಡುವಾಗ ಪೊಟ್ಟಣದ ಮೇಲೆ ಬಳ್ಳಿಯ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಸೊಪ್ಪು ತಿನ್ನುವಂಥದ್ದಾ, ತಿನ್ನಬಾರದ್ದಾ ಅಂತ.